ಜೆಸ್ಸೊ ಒಣಗುವ ಮೂರು ದಿನ

ಆರಂಭದ ವರ್ಷಗಳಲ್ಲಿ ನಾನು ಚಿತ್ರದ ಕಲ್ಪನೆ ಹೊಳೆದ ದಿನವೇ ಬಿಳಿ ಕ್ಯಾನ್ವಾಸಿನ ಮುಂದೆ ನಿಂತು ತೈಲವರ್ಣ ಹಚ್ಚತೊಡಗುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಆಕೃತಿಯನ್ನು ನಾಲ್ಕು ಬೆರಳಿನಷ್ಟು ಎಡಕ್ಕೆ ಸರಿಸಬೇಕಿತ್ತೆಂಬುದು ಗೊತ್ತಾಗುತ್ತಿತ್ತು. ಅರೆಬರೆ ಒಣಗಿದ ಬಣ್ಣವನ್ನು ಕೆರೆದು ಮತ್ತೆ ಬಳಿಯುವುದರಲ್ಲಿ ಚಿತ್ರದ ಲವಲವಿಕೆಯೆಲ್ಲ ಸೋರಿಹೋಗುತ್ತಿತ್ತು. ಹೀಗೆ ಕೆಟ್ಟ ಕ್ಯಾನ್ವಾಸುಗಳು ಗೋಡೆಗೆ ಬೆನ್ನು ತೋರಿಸಿ ಸಾಲಾಗಿ ನಿಂತ ಮೇಲೆಯೇ ನಾನು ಕೆಲಸದ ಕ್ರಮವನ್ನು ಬದಲಿಸಿದ್ದು.

ಈಗ ಮೊದಲು ಮಾಡುವುದು ಕ್ಯಾನ್ವಾಸಿನ ಕೆಲಸ. ಬಟ್ಟೆಯನ್ನು ಮರದ ಚೌಕಟ್ಟಿನ ನಾಲ್ಕೂ ಬದಿಗಳ ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತ ಪಿನ್ನು ಹೊಡೆಯುತ್ತೇನೆ. ಮೂಲೆಯಿಂದ ಶುರುಮಾಡಿದರೆ ಸುಕ್ಕು ತಪ್ಪಿದ್ದಲ್ಲ. ಅದರ ಮೇಲೆ ತೆಳ್ಳನೆಯ ಅಂಟಿನ ಲೇಪ, ಆಮೇಲೆ ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣ ಹಚ್ಚುವ ಮೊದಲು ಬಳಿಯುವ ಬಿಳಿಯ ತಳಲೇಪ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೇರವಾಗಿ ಬಟ್ಟೆಗೆ ಇಳಿದರೆ ವರ್ಷಗಳು ಕಳೆದಂತೆ ನೂಲನ್ನು ಪೆಡಸುಗೊಳಿಸಿ ಕೊಳೆಯಿಸುತ್ತದೆಯಾದ್ದರಿಂದ ಈ ತಡೆ ಬೇಕೇ ಬೇಕು. ಜೆಸ್ಸೊವನ್ನು ಮೂರು ಸಲ ಬಳಿಯುತ್ತೇನೆ. ಒಂದು ಪದರ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ, ನಡುನಡುವೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜುತ್ತೇನೆ. ಕೊನೆಯಲ್ಲಿ ನೀರು ಬೆರೆಸಿದ ಅಕ್ರಿಲಿಕ್ ಕಂದು ಬಣ್ಣವನ್ನು ಇಡೀ ಮೇಲ್ಮೈಗೆ ತೆಳುವಾಗಿ ಸವರುತ್ತೇನೆ. ಅಪ್ಪಟ ಬಿಳಿಯ ಮೇಲೆ ಇಟ್ಟ ಯಾವ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುವುದರಿಂದ, ಕೈ ತಾನಾಗಿಯೇ ಎಲ್ಲವನ್ನೂ ತಿಳಿಗೊಳಿಸಿಬಿಡುತ್ತದೆ. ನಡುಛಾಯೆಯ ನೆಲ, ಅಂದರೆ ಹೀಗೆ ಸಿದ್ಧಪಡಿಸಿದ ತಳ, ಆ ಮೋಸವನ್ನು ತಪ್ಪಿಸುತ್ತದೆ.

ಮುಟ್ಟಿದರೆ ಒಂದೆರಡು ಗಂಟೆಗಳಲ್ಲೇ ಒಣಗಿದಂತೆ ತೋರಿದರೂ, ಈ ನೆಲದ ಮೇಲೆ ಎಣ್ಣೆಬಣ್ಣ ಹಚ್ಚುವ ಮೊದಲು ನಾನು ಮೂರು ದಿನ ಬಿಡುತ್ತೇನೆ. ಚಿತ್ರ ನಿಜವಾಗಿ ರೂಪುಗೊಳ್ಳುವುದು ಈ ಮೂರು ದಿನಗಳಲ್ಲಿ.

ಕ್ಯಾನ್ವಾಸ್ 24 ಅಂಗುಲ ಎತ್ತರ, 36 ಅಂಗುಲ ಅಗಲ ಇದ್ದರೆ, ನೋಟ್‌ಪುಸ್ತಕದಲ್ಲಿ ಅದೇ ಪ್ರಮಾಣದ 2 ಅಂಗುಲ, 3 ಅಂಗುಲದ ಚೌಕಗಳನ್ನು ಎಳೆದು ಹತ್ತು ಹನ್ನೆರಡು ಕಿರುಚಿತ್ರಗಳನ್ನು ಗೀಚುತ್ತೇನೆ. ಅವುಗಳಲ್ಲಿ ಮೂರೇ ಛಾಯೆಗಳಿಗೆ ಅವಕಾಶ: ಕಪ್ಪು, ಬೂದು ಮತ್ತು ಖಾಲಿ ಕಾಗದ. ಮೂಗು, ಕಣ್ಣು, ಬಟ್ಟೆಯ ನಿರಿಗೆ ಯಾವುದೂ ಇರಕೂಡದು. ಕಿಟಕಿಯ ಬಳಿ ಕುಳಿತ ಮುದುಕಿಯ ಚಿತ್ರವೊಂದನ್ನು ಯೋಜಿಸುವಾಗ ಮೊದಲ ಆರು ಗೀಚುಗಳಲ್ಲೂ ಬೆಳಗುವ ಕಿಟಕಿ ನಡುಮಧ್ಯದಲ್ಲಿ ಬಂದು ಕೂತಿತ್ತು. ಮುದುಕಿ ಅದರ ಪಕ್ಕದಲ್ಲಿಟ್ಟ ಸಾಮಾನಿನಂತಿದ್ದಳು. ಏಳನೆಯದರಲ್ಲಿ ಕಿಟಕಿಯನ್ನು ಚೌಕದ ಅಂಚಿನಾಚೆಗೆ ತಳ್ಳಿ, ಒಳಬಂದ ಬೆಳಕನ್ನಷ್ಟೇ ಅವಳ ಕೈಯ ಮೇಲೆ ಉಳಿಸಿಕೊಂಡಾಗ, ನಾನು ಬರೆಯಹೊರಟಿದ್ದು ಕಿಟಕಿಯನ್ನಲ್ಲ, ಆ ಕೈಯನ್ನು ಎಂಬುದು ನನಗೇ ತಿಳಿಯಿತು. ಈ ತಿಳಿವು ಕಾಗದದ ಮೇಲೆ ಐದು ನಿಮಿಷದಲ್ಲಿ ಬಂತು. ಕ್ಯಾನ್ವಾಸಿನ ಮೇಲಾಗಿದ್ದರೆ ಒಂದು ತಿಂಗಳು ಬೇಕಾಗುತ್ತಿತ್ತು, ಬಹುಶಃ ಬರುತ್ತಲೂ ಇರಲಿಲ್ಲ. ಆಯ್ದ ಗೀಚನ್ನು ತಲೆಕೆಳಗಾಗಿ ಹಿಡಿದು, ಕಣ್ಣನ್ನು ಅರೆಮುಚ್ಚಿ ನೋಡುವುದು ನನ್ನ ಕಡೆಯ ಪರೀಕ್ಷೆ.

ಬಣ್ಣದ ವಿಚಾರದಲ್ಲಿ ನಾನು ಸ್ವಲ್ಪ ಜಿಪುಣತನ ಮಾಡುತ್ತೇನೆ. ಟೈಟೇನಿಯಂ ವೈಟ್, ಮಣ್ಣುಹಳದಿಯ ಯೆಲ್ಲೋ ಓಕರ್, ಕೆಂಗಂದಿನ ಬರ್ಂಟ್ ಸಿಯೆನಾ, ಗಾಢ ನೀಲಿಯ ಅಲ್ಟ್ರಾಮರೀನ್ ಬ್ಲೂ, ಇಷ್ಟರಲ್ಲಿ ಚಿತ್ರ ಸಾಗುವುದೇ ಎಂದು ಮೊದಲು ನೋಡಿ, ಸಾಗದಿದ್ದರಷ್ಟೇ ಐದನೆಯದನ್ನು ಸೇರಿಸುತ್ತೇನೆ. ಕಪ್ಪಿನ ಟ್ಯೂಬನ್ನು ತೆರೆಯುವುದಿಲ್ಲ. ಕೊನೆಯ ಎರಡನ್ನು ಬೆರೆಸಿದರೆ ಸಿಗುವ ಕಪ್ಪನ್ನು ಬೇಕಾದಂತೆ ಬೆಚ್ಚಗೂ ತಣ್ಣಗೂ ವಾಲಿಸಬಹುದು. ಈ ನಾಲ್ಕರಿಂದಲೇ 8 ಅಂಗುಲ, 12 ಅಂಗುಲದ ಕಾಗದದ ಮೇಲೆ ಒಂದು ಬಣ್ಣದ ಕರಡನ್ನು ಮಾಡುತ್ತೇನೆ. ಒಮ್ಮೆ ಈ ಕರಡನ್ನು ಎಷ್ಟು ಪೂರ್ಣವಾಗಿ ತಿದ್ದಿದೆನೆಂದರೆ, ದೊಡ್ಡ ಚಿತ್ರ ಅದರ ನಕಲಾಗಿ, ಬೇಸರದಿಂದ ಮುಗಿಸಿದ ಕೆಲಸವಾಯಿತು. ಅಂದಿನಿಂದ ಕರಡಿನಲ್ಲಿ ಒಂದು ಭಾಗವನ್ನಾದರೂ ತೀರ್ಮಾನಿಸದೆ ಬಿಡುತ್ತೇನೆ. ಮುದುಕಿಯ ಚಿತ್ರದಲ್ಲಿ ಅದು ಅವಳ ಹಿಂದಿನ ಗೋಡೆಯಾಗಿತ್ತು.

ಕರಡಿನ ಮೇಲೆ ಒಂದಂಗುಲದ ಚೌಕಗಳು, ಕ್ಯಾನ್ವಾಸಿನ ಮೇಲೆ ಮೂರಂಗುಲದ ಚೌಕಗಳು. ಎರಡೂ ಕಡೆ 96 ಮನೆಗಳು. ಇದ್ದಿಲಿನಿಂದ ಮುಖ್ಯ ಗೆರೆಗಳನ್ನಷ್ಟೇ ದಾಟಿಸಿ, ಪುಡಿಯನ್ನು ಬಟ್ಟೆಯಿಂದ ಕೊಡವಿ, ಟರ್ಪೆಂಟೈನಿನಲ್ಲಿ ತೆಳುಮಾಡಿದ ಬರ್ಂಟ್ ಅಂಬರ್ ಎಂಬ ಗಾಢ ಕಂದು ಎಣ್ಣೆಬಣ್ಣದಿಂದ ಅವುಗಳನ್ನು ಗಟ್ಟಿಮಾಡುತ್ತೇನೆ. ಅಂಬರಿನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುವುದರಿಂದ ಈ ಗೆರೆಗಳಿಗೆ ಅದೇ ಸರಿ.

ಸಣ್ಣಪುಟ್ಟ ಕೆಲಸಗಳು ಹಿಂದಿನ ರಾತ್ರಿಗೆ: ಕುಂಚಗಳನ್ನು ಅಗಲದ ಕ್ರಮದಲ್ಲಿ ಇಡುವುದು, ದೀಪವನ್ನು ಹಸಿಬಣ್ಣ ಹೊಳೆಯದ ಕೋನಕ್ಕೆ ತಿರುಗಿಸುವುದು, ಬಳಸಿದ ಚಿಂದಿ ಹಾಕಲು ನೀರು ತುಂಬಿದ ಮುಚ್ಚಳದ ಡಬ್ಬಿಯನ್ನು ಪಕ್ಕದಲ್ಲಿಡುವುದು. ಅಗಸೆ ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆಮಾಡಿ ಬಿಟ್ಟರೆ ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳಬಲ್ಲದು. ಇದರಲ್ಲಿ ಸೋಮಾರಿತನ ಸಲ್ಲದು.

ನಾಲ್ಕನೆಯ ಬೆಳಿಗ್ಗೆ, ಗಾಢದಿಂದ ತಿಳಿಯವರೆಗೆ ಐದು ಗುಡ್ಡೆ ಬಣ್ಣವನ್ನು ಕಲಸಿಕೊಂಡು, ಇರುವುದರಲ್ಲೇ ಅಗಲವಾದ ಕುಂಚವನ್ನು ಎತ್ತಿಕೊಳ್ಳುತ್ತೇನೆ. ಮುದುಕಿಯ ಚಿತ್ರದಲ್ಲಿ ಮೊದಲು ಇಟ್ಟದ್ದು ಅವಳ ಕುರ್ಚಿಯ ಕೆಳಗಿನ ಕತ್ತಲನ್ನು. ಕೈಯ ಮೇಲಿನ ಬೆಳಕು ಬಂದದ್ದು ಹನ್ನೊಂದು ದಿನಗಳ ನಂತರ.