ಪೈಯ ಯಾವ ಅಂದಾಜು ಬೆಲೆ ಯಾವ ಲೆಕ್ಕಕ್ಕೆ ಸಾಕು?

ವೃತ್ತದ ಲೆಕ್ಕಕ್ಕೆ ಪೈಯ ಬೆಲೆಯನ್ನು ರೂಢಿಯಂತೆ ಹಿಡಿಯುವ ಬದಲು, ಆ ಬೆಲೆಯಲ್ಲಿರುವ ದೋಷವನ್ನು ನಮ್ಮ ಅಳತೆಯಲ್ಲಿರುವ ದೋಷದೊಂದಿಗೆ ಹೋಲಿಸಿ ಆರಿಸಿಕೊಳ್ಳಬೇಕು. ಅಂದಾಜು ಬೆಲೆಗೂ 3.14159265ಕ್ಕೂ ಇರುವ ವ್ಯತ್ಯಾಸವನ್ನು 3.14159265ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ದೋಷ ಸಿಗುತ್ತದೆ.

ಹೀಗೆ ನೋಡಿದಾಗ 22/7 ನಿಜ ಬೆಲೆಗಿಂತ ಶೇ. 0.040ರಷ್ಟು ಹೆಚ್ಚು, 3.14 ಶೇ. 0.051ರಷ್ಟು ಕಡಿಮೆ. ದಶಮಾಂಶದಲ್ಲಿ ಬರೆದದ್ದೇ ಹೆಚ್ಚು ನಿಖರವೆಂದು ಅನೇಕರು ನಂಬಿದ್ದರೂ ಇವೆರಡರಲ್ಲಿ ಭಿನ್ನರಾಶಿಯೇ ಪೈಗೆ ಹತ್ತಿರದಲ್ಲಿದೆ. 10 ಮೀಟರ್ ವ್ಯಾಸದ ವೃತ್ತದ ಪರಿಧಿಯನ್ನು 22/7 ಸುಮಾರು 12.6 ಮಿ.ಮೀ. ಹೆಚ್ಚಾಗಿಯೂ 3.14 ಸುಮಾರು 15.9 ಮಿ.ಮೀ. ಕಡಿಮೆಯಾಗಿಯೂ ತೋರಿಸುತ್ತದೆ. ಆ ವ್ಯಾಸವನ್ನು ಅಳೆದಾಗ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಿರಬಹುದಾದರೆ ಅಳತೆಯ ದೋಷವೇ ಶೇ. 0.1 ಆಗುವುದರಿಂದ ಎರಡರಲ್ಲಿ ಯಾವುದಾದರೂ ಸಾಕು; ಒಂದು ಮಿಲಿಮೀಟರ್‌ವರೆಗೆ ಅಳತೆ ಸರಿಯಾಗಿದ್ದರೆ ಎರಡೂ ಸಾಲವು. ಆಗ ಶೇ. 0.00023ರಷ್ಟು ಮಾತ್ರ ಹೆಚ್ಚಿರುವ 3.1416ನ್ನು ಹಿಡಿಯಿರಿ.

ಕ್ರಿ.ಶ. 499ರಲ್ಲಿ ಆರ್ಯಭಟ 62832/20000 ಎಂದು ಕೊಟ್ಟದ್ದು ಇದೇ ಬೆಲೆ. ಕೆಲಸಕ್ಕೆ ತಕ್ಕ ಬೆಲೆಯೆಂಬ ವಿವೇಕವೂ ನಮ್ಮ ಗಣಿತದಲ್ಲಿ ಹಳೆಯದು: 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸ್ಥೂಲ ಲೆಕ್ಕಕ್ಕೆ 3ನ್ನೂ ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನೂ ಬಳಸಿದರು. ಮೊದಲನೆಯದರ ದೋಷ ಶೇ. 4.5, ಎರಡನೆಯದರದು ಶೇ. 0.66.

ಭಿನ್ನರಾಶಿಯಲ್ಲೇ ಹೆಚ್ಚಿನ ನಿಖರತೆ ಬೇಕಾದವರಿಗೆ, 5ನೆಯ ಶತಮಾನದ ಚೀನಾದ ಝು ಚೊಂಗ್‌ಝಿ ಕೊಟ್ಟ 355/113ಕ್ಕಿಂತ ಸುಲಭವಾದದ್ದು ನನಗೆ ಕಾಣದು. ಇದು ಆರು ದಶಮಾಂಶ ಸ್ಥಾನಗಳವರೆಗೆ ಸರಿ, 12,742 ಕಿ.ಮೀ. ವ್ಯಾಸದ ಭೂಮಿಯ ಸುತ್ತಳತೆಗೆ ಬಳಸಿದರೂ ಸುಮಾರು 3.4 ಮೀಟರಿನಷ್ಟೇ ತಪ್ಪುತ್ತದೆ.

ಒಂದೇ ಲೆಕ್ಕದಲ್ಲಿ ಎರಡು ಬೆಲೆಗಳನ್ನು ಬೆರೆಸಬಾರದು. ಮರದ ಕಾಂಡದ ಸುತ್ತಳತೆಯಿಂದ ವ್ಯಾಸವನ್ನು 22/7ರಲ್ಲಿ ಕಂಡುಹಿಡಿದು, ಅಡ್ಡಕೊಯ್ತದ ವಿಸ್ತೀರ್ಣಕ್ಕೆ 3.14 ಬಳಸಿದರೆ, ವ್ಯಾಸದ ಕೊರತೆ ವರ್ಗದಲ್ಲಿ ಇಮ್ಮಡಿಯಾಗಿ, 3.14ರ ಕೊರತೆಯೂ ಸೇರಿ, ವಿಸ್ತೀರ್ಣ ಶೇ. 0.13ರಷ್ಟು ಕಡಿಮೆಯಾಗುತ್ತದೆ. ಉದ್ದಕ್ಕೂ 22/7ನ್ನೇ ಹಿಡಿದರೆ ಕೊರತೆ ಶೇ. 0.04 ಮಾತ್ರ.