ಮೊದಲು ದಿಕ್ಕು, ಬಣ್ಣ ಆಮೇಲೆ

ನಾಟಕಕ್ಕೂ ಸಂಗೀತ ಕಾರ್ಯಕ್ರಮಕ್ಕೂ ನಾನು ಬೆಳಕಿನ ವಿನ್ಯಾಸ ಮಾಡುತ್ತೇನೆ. ಹೊಸಬರು ಬಂದರೆ ಜಾಸ್ತಿ ಕೇಳುವುದು ಬಣ್ಣದ ಬಗ್ಗೆ. ನಾನು ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಬೆಳಕು ಯಾವ ಕಡೆಯಿಂದ ಬರಬೇಕು ಅನ್ನೋದು ಮೊದಲು ತೀರ್ಮಾನವಾಗಬೇಕು.

ನಾಟಕವಾದರೆ ಲೈಟು ಕಟ್ಟುವ ಎಷ್ಟೋ ದಿನ ಮುಂಚೆಯೇ ರಿಹರ್ಸಲ್‌ಗೆ ಹೋಗಿ ಕೂರುತ್ತೇನೆ. ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಮಾತಿಗೆ ಯಾವ ಕಡೆ ತಿರುಗುತ್ತಾರೆ ಎಂದು ಸ್ಕ್ರಿಪ್ಟಿನಲ್ಲಿ ಗುರುತು ಹಾಕುತ್ತೇನೆ. ಪೆನ್ಸಿಲ್‌ನಲ್ಲೇ, ಯಾಕಂದ್ರೆ ನಾಳೆ ಅದು ಬದಲಾಗುತ್ತದೆ.

ಮುಖಕ್ಕೆ ಬೆಳಕು ಕೊಡಲು ಅಮೆರಿಕದ ರಂಗಬೆಳಕಿನ ಮೇಷ್ಟ್ರು ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1930ರ ದಶಕದಲ್ಲಿ ಹೇಳಿಕೊಟ್ಟ ಪದ್ಧತಿಯೇ ನನಗೆ ಇವತ್ತಿಗೂ ಅಡಿಪಾಯ. ನಟನ ಎದುರು ಎಡಕ್ಕೊಂದು, ಬಲಕ್ಕೊಂದು ಲೈಟು. ಎರಡೂ ಸುಮಾರು 45 ಡಿಗ್ರಿ ಕೋನದಲ್ಲಿ ಮೇಲಿನಿಂದ. ಒಂದಕ್ಕೆ ಬೆಚ್ಚನೆಯ ಬಣ್ಣ, ಇನ್ನೊಂದಕ್ಕೆ ತಂಪು ಬಣ್ಣ. ಆಗ ಮುಖ ಚಪ್ಪಟೆಯಾಗುವುದಿಲ್ಲ. ಹಿಂದಿನಿಂದ ಇನ್ನೊಂದು ಲೈಟು ಬಿಟ್ಟರೆ ನಟ ಪರದೆಗೆ ಅಂಟಿಕೊಳ್ಳದೆ ಬೇರೆಯಾಗಿ ನಿಲ್ಲುತ್ತಾನೆ. ತೀರಾ ನೆತ್ತಿಯ ಮೇಲಿನಿಂದ ಬಿಟ್ಟರೆ ಕಣ್ಣು ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಕಣ್ಣು ಕಾಣದಿದ್ದರೆ ಮಾತೂ ಪೂರ್ತಿ ಮುಟ್ಟುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನೃತ್ಯಕ್ಕೆ ಮಾತ್ರ ಪಕ್ಕದ ಬೆಳಕೇ ರಾಜ.

ದಿಕ್ಕು ಆದ ಮೇಲೆ ಸಮಯ. ಬೆಳಕು ಎಷ್ಟು ಹೊತ್ತಿನಲ್ಲಿ ಬದಲಾಗಬೇಕು? ಸಂಜೆಯಾಗುವ ದೃಶ್ಯಕ್ಕೆ ನಾಲ್ಕೈದು ನಿಮಿಷದ ಫೇಡ್ ಕೊಡುತ್ತೇನೆ, ಅಂದರೆ ಬೆಳಕನ್ನು ಅಷ್ಟು ನಿಧಾನವಾಗಿ ಇಳಿಸುತ್ತೇನೆ. ಕತ್ತಲಾಗಿದ್ದು ಪ್ರೇಕ್ಷಕರಿಗೆ ಆಮೇಲೆ ಗೊತ್ತಾಗಬೇಕು. ಇಲ್ಲಿ ಹಳೆಯ ಹ್ಯಾಲೋಜನ್ ದೀಪಗಳ ಗುಣ ನನಗೆ ಬಹಳ ಇಷ್ಟ. ಇಳಿಸುತ್ತಾ ಹೋದಂತೆ ಒಳಗಿನ ತಂತಿ ತಣ್ಣಗಾಗಿ ಬೆಳಕು ತಾನಾಗಿಯೇ ಕೆಂಪಗಾಗುತ್ತದೆ. ಎಲ್‌ಇಡಿ ಹಾಗಲ್ಲ, ಆ ಬಣ್ಣವನ್ನು ನಾವೇ ತರಬೇಕು. ಕೆಲವು ಎಲ್‌ಇಡಿಗಳು ಕೊನೆಯ ಹಂತದಲ್ಲಿ ಮೆಟ್ಟಿಲು ಇಳಿದಂತೆ ಜಿಗಿಯುತ್ತವೆ. ಅದಕ್ಕೇ ಸಭಾಂಗಣ ಪೂರ್ತಿ ಕತ್ತಲು ಮಾಡಿಸಿ, 5 ಶೇಕಡಾದಿಂದ ಸೊನ್ನೆಯವರೆಗೆ ಒಂದೊಂದೇ ಲೈಟನ್ನು ಇಳಿಸಿ ನೋಡುತ್ತೇನೆ. ಜಿಗಿಯುವಂಥದ್ದನ್ನು ನಿಧಾನದ ಫೇಡ್‌ಗೆ ಬಳಸುವುದೇ ಇಲ್ಲ.

ಸಂಗೀತ ಕಾರ್ಯಕ್ರಮದಲ್ಲಿ ಲೆಕ್ಕ ಬೇರೆ. ನಾಟಕದಲ್ಲಿ ಸ್ಟೇಜ್ ಮ್ಯಾನೇಜರ್ 'ಗೋ' ಅಂದಾಗ ಕ್ಯೂ, ಅಂದರೆ ಮೊದಲೇ ತುಂಬಿಟ್ಟ ಬೆಳಕಿನ ಬದಲಾವಣೆ, ಹೋಗುತ್ತದೆ. ಇಲ್ಲಿ ಹಾಡುಗಾರರು ವೇದಿಕೆಯ ಮೇಲೇ ಹಾಡಿನ ಕ್ರಮ ಬದಲಿಸಬಹುದು. ಅದಕ್ಕೆ ದಿಕ್ಕು, ಬಣ್ಣ, ಚಲನೆ ಇವನ್ನೆಲ್ಲ ಬೋರ್ಡಿನ ಬೇರೆ ಬೇರೆ ಫೇಡರ್‌ಗಳಿಗೆ (ಮೇಲೆ ಕೆಳಗೆ ಸರಿಸುವ ಗುಂಡಿಗಳಿಗೆ) ಹಾಕಿಟ್ಟು, ಡ್ರಮ್ಮು ಕೇಳುತ್ತಾ ಕೈಯಿಂದಲೇ ನಡೆಸುತ್ತೇನೆ. ಬೋರ್ಡಿನಿಂದ ಲೈಟುಗಳಿಗೆ ಆಜ್ಞೆ ಒಯ್ಯುವ ಒಂದು ಡಿಎಂಎಕ್ಸ್ ಲೈನಿನಲ್ಲಿ ಇರುವುದು 512 ಚಾನೆಲ್. ತಾನೇ ತಿರುಗುವ ಲೈಟು, ಅಂದರೆ ಮೂವಿಂಗ್ ಹೆಡ್, ಒಂದೇ ಇಪ್ಪತ್ತು ಮೂವತ್ತು ಚಾನೆಲ್ ತಿಂದುಬಿಡಬಹುದು. ಯಾವ ಲೈಟಿಗೆ ಯಾವ ಚಾನೆಲ್ ಅನ್ನೋ ಅಡ್ರೆಸ್ ಪಟ್ಟಿ ಮನೆಯಲ್ಲೇ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

ಗಾಳಿಯಲ್ಲಿ ಹೇಜ್ (ಯಂತ್ರದಿಂದ ಬಿಡುವ ತೆಳು ಮಂಜು) ಇಲ್ಲದಿದ್ದರೆ ಬೀಮ್, ಅಂದರೆ ಬೆಳಕಿನ ಕೋಲು, ಕಾಣುವುದೇ ಇಲ್ಲ. ಹಾಗಾಗಿ ಫ್ಯಾನು, ಎಸಿ ಗಾಳಿ ಎತ್ತ ಬೀಸುತ್ತದೆ ಎಂದು ನೋಡಿ ಯಂತ್ರ ಇಡಿಸುತ್ತೇನೆ. ಹಿಂದೆ ಎಂಥ ನೀಲಿ ಇದ್ದರೂ ಹಾಡುವವರ ಮುಖಕ್ಕೆ ಸಣ್ಣಗೆ ಬೆಚ್ಚನೆಯ ಬಿಳಿ ಇರಲೇಬೇಕು. ಬರೀ ನೀಲಿಯಲ್ಲಿ ಮುಖದ ಭಾವ ಸತ್ತುಹೋಗುತ್ತದೆ ಅಲ್ವಾ?

ಮೊದಲ ಹಾಡಿಗೇ ಎಲ್ಲ ಲೈಟೂ ಉರಿಸಬೇಡಿ. ನಾನು ಒಂದು ದಿಕ್ಕನ್ನಾದರೂ ಅರ್ಧ ಕಾರ್ಯಕ್ರಮದವರೆಗೆ ಮುಟ್ಟುವುದಿಲ್ಲ. ಪ್ರೇಕ್ಷಕರ ಕಡೆಗೆ ತಿರುಗಿಸಿದ ಕಣ್ಣು ಕುಕ್ಕುವ ಲೈಟುಗಳನ್ನು, ಅಂದರೆ ಬ್ಲೈಂಡರ್‌ಗಳನ್ನು, ಎಲ್ಲರೂ ಜೊತೆಗೂಡಿ ಹಾಡುವ ಸಾಲಿಗೆ ಮಾತ್ರ, ಅದೂ ಕ್ಷಣಹೊತ್ತು ಬಿಡುತ್ತೇನೆ. ಅದರ ನಂತರ ಕಣ್ಣು ಮತ್ತೆ ಮಂದ ಬೆಳಕಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ಆದ್ದರಿಂದ ಮುಂದಿನ ಹಾಡು ಮೆಲ್ಲಗಿನದಾದರೆ ಅದನ್ನು ಸ್ವಲ್ಪ ಜಾಸ್ತಿ ಬೆಳಕಿನಲ್ಲೇ ಶುರು ಮಾಡಿ ಆಮೇಲೆ ಇಳಿಸುತ್ತೇನೆ.