ಲೇಸರ್ ಲೆವೆಲ್ ತಂದೆ, ಆಮೇಲೆ ಅದಕ್ಕೊಂದು ಕಾಲು ಹುಡುಕಿದೆ

ಅಡುಗೆಮನೆಯ ಗೋಡೆ ಕಪಾಟುಗಳನ್ನು ನಾನೇ ಕೂರಿಸ್ತೀನಿ ಅಂತ ಹೊರಟು, ಗೋಡೆ ಮೇಲೆ ಮಟ್ಟಸವಾದ ಅಡ್ಡಗೆರೆ, ನೇರ ಉದ್ದಗೆರೆ ಬೀಳಿಸುವ ಹಸಿರು ಗೆರೆಯ ಕ್ರಾಸ್‌ಲೈನ್ ಲೇಸರ್ ತಂದೆ. ಅದನ್ನು ಎಲ್ಲಿ ನಿಲ್ಲಿಸೋದು ಅನ್ನೋದನ್ನ ಯೋಚಿಸಿರಲಿಲ್ಲ. ಮೊದಲ ದಿನ ಸ್ಟೂಲು, ಅದರ ಮೇಲೆ ಮಿಕ್ಸಿ ಡಬ್ಬ, ಡಬ್ಬದ ಮೇಲೆ ಲೇಸರ್. ಕಪಾಟಿನ ತಳ ನೆಲದಿಂದ 54 ಇಂಚಿಗೆ ಬರಬೇಕು, ಗೆರೆ ಬಿದ್ದದ್ದು 51 ಚಿಲ್ಲರೆಗೆ. ಹಳೇ ಪುಸ್ತಕಗಳನ್ನು ಕೆಳಗೆ ತುರುಕಿ ತುರುಕಿ ಸಾಕಾಯಿತು.

ಮನೆಯಲ್ಲಿ ಕ್ಯಾಮೆರಾ ಟ್ರೈಪಾಡ್ ಇತ್ತು. ಕ್ಯಾಮೆರಾಕ್ಕೂ ಇಂಥ ಸಣ್ಣ ಲೇಸರ್‌ಗಳಿಗೂ ಸಾಮಾನ್ಯವಾಗಿ ಕಾಲು ಇಂಚಿನ ಸ್ಕ್ರೂನೇ, ಹಾಗಾಗಿ ಸಲೀಸಾಗಿ ಕೂತಿತು. ನಡುವಿನ ಕಂಬವನ್ನು ಪೂರ್ತಿ ಎತ್ತಿ ಎಡಗಡೆ ನಾಲ್ಕು ತೂತು ಹೊಡೆದೆ, ಊಟ ಮಾಡಿ ಬಂದು ಬಲಗಡೆ ಎರಡು. ಕಪಾಟು ಎತ್ತಿ ಹಿಡಿದಾಗ ಬಲಭಾಗ 4 ಮಿ.ಮೀ. ಕೆಳಗೆ!

ಲೇಸರ್ ಕೆಟ್ಟಿದೆ ಅಂದುಕೊಂಡೆ, ಹಾಗಲ್ಲ. ಒಳಗಿನ ಲೋಲಕ ಓರೆಯನ್ನು ಮಾತ್ರ ಸರಿಮಾಡುತ್ತದೆ. ನನ್ನದರಲ್ಲಿ ±4 ಡಿಗ್ರಿವರೆಗೆ. ಅದು ಮೀರಿದರೆ ಗೆರೆ ಮಿಣುಕಿ ಎಚ್ಚರಿಸುತ್ತದೆ. ಆದರೆ ನುಣುಪು ಟೈಲ್ಸ್ ಮೇಲೆ ಟ್ರೈಪಾಡಿನ ಕಾಲು ಜಾರಿ ಇಡೀ ಯಂತ್ರ ಕೆಳಗಿಳಿದರೆ ಅದು ಏನೂ ಹೇಳುವುದಿಲ್ಲ. ಗೆರೆ ಸಮವಾಗಿಯೇ ಇರುತ್ತದೆ, ಎತ್ತರ ಮಾತ್ರ ಬೇರೆ. ಫ್ಯಾನ್ ಗಾಳಿಗೆ ಗೆರೆ ನಡುಗುವುದಾದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದೇ ಇಲ್ಲ.

ಆಮೇಲೆ ಬೇರೆ ದಾರಿ ನೋಡಿದೆ. ಪರಿಚಯದವರ ಸರ್ವೆ ಸ್ಟ್ಯಾಂಡ್ ಗಟ್ಟಿಮುಟ್ಟಾಗಿತ್ತು, ಆದರೆ ಅದರ ಸ್ಕ್ರೂ 5/8 ಇಂಚು. ಅಡಾಪ್ಟರ್ ಸಿಗುತ್ತದೆ ಬಿಡಿ. ಏಳಡಿ ಅಗಲದ ಅಡುಗೆಮನೆಯಲ್ಲಿ ಅದು ಕಾಲು ಚಾಚಿದರೆ ನಾನು ನಿಲ್ಲೋದೆಲ್ಲಿ? ನೆಲದಿಂದ ಚಾವಣಿಗೆ ಒತ್ತಿ ನಿಲ್ಲಿಸುವ ಕಂಬವೂ ಇದೆ, ಜಾಗ ಹಿಡಿಯುವುದಿಲ್ಲ. ನಮ್ಮದು ಪಿಒಪಿ ಫಾಲ್ಸ್ ಸೀಲಿಂಗ್, ಅದಕ್ಕೆ ಆ ಒತ್ತಡ ಕೊಡುವ ಧೈರ್ಯ ಬರಲಿಲ್ಲ. ಅಯಸ್ಕಾಂತದ ಬ್ರ್ಯಾಕೆಟ್ ಮಾತ್ರ ಇಷ್ಟವಾಯಿತು. ಕಿಟಕಿಯ ಕಬ್ಬಿಣದ ಗ್ರಿಲ್‌ಗೂ ರೂಮಿನ ಬೀರುವಿಗೂ ಗಪ್ಪನೆ ಹಿಡಿಯುತ್ತದೆ. ಕಿಟಕಿಯ ಎದುರಿನ ಗೋಡೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನನ್ನ ಕಪಾಟು ಬರಬೇಕಾದದ್ದು ಕಿಟಕಿಯ ಗೋಡೆಗೇ.

ಕೊನೆಗೆ ಕೊಂಡದ್ದು ಹಿಡಿ ತಿರುಗಿಸಿದರೆ ಕಂಬ ನಿಧಾನಕ್ಕೆ ಏರಿಳಿಯುವ, ಕಾಲುಗಳ ನಡುವೆ ಅಡ್ಡಪಟ್ಟಿಯಿರುವ ಟ್ರೈಪಾಡ್. ಆ ಹಿಡಿಗೇ ದುಡ್ಡು ಕೊಟ್ಟೆ ಅನ್ನಬಹುದು. ಕೈಯಲ್ಲಿ ಎತ್ತಿ ಬಿಗಿಸುವ ಕಂಬದಲ್ಲಿ ಬಿಗಿಸುವಾಗಲೇ ಒಂದೆರಡು ಮಿ.ಮೀ. ಇಳಿದುಹೋಗುತ್ತಿತ್ತು. ಕಾಲುಗಳ ಕೆಳಗೆ ಒದ್ದೆ ಗೋಣಿಚೀಲ, ನಡುವಿನ ಕೊಕ್ಕೆಗೆ ಐದು ಕೆ.ಜಿ. ಅಕ್ಕಿ ಚೀಲ. ಮನೆಯವಳು ನಕ್ಕಳು, ನಗಲಿ.

ಪಕ್ಕದ ಸೈಟಿನ ಮೇಸ್ತ್ರಿ ಇದನ್ನೆಲ್ಲ ನೋಡಿ, "ಸಾರ್, ಅಷ್ಟೆತ್ತರಕ್ಕೆ ಯಾಕೆ ಏರಿಸ್ತೀರ? ಕೆಳಗೆ ಎಲ್ಲಾದ್ರೂ ಒಂದು ಗೆರೆ ಹಾಕ್ಕೊಂಡು ಅಲ್ಲಿಂದ ಟೇಪ್ ಹಿಡೀರಿ" ಅಂದ. ನೀರಿನ ಪೈಪಿನಲ್ಲಿ ಮಟ್ಟ ನೋಡುವಾಗ ಅವರು ಮಾಡುವುದೂ ಅದನ್ನೇ. ಕಂಬ ಇಳಿಸಿ, ಕಾಲು ಅರ್ಧಕ್ಕೆ ಮಡಚಿ, 40 ಇಂಚಿಗೆ ಗೆರೆ ಬಿಟ್ಟು, ಮೇಲೆ 14 ಇಂಚು ಅಳೆದೆ. ಗೆರೆಯ ನಡುಕವೂ ನಿಂತಿತು. ಪಕ್ಕದ ಗೋಡೆಯಲ್ಲಿ ಗೆರೆ ಬಿದ್ದ ಕಡೆ ಪೆನ್ಸಿಲ್ ಗುರುತು ಹಾಕಿಟ್ಟು, ಪ್ರತಿ ತೂತಿಗೆ ಮೊದಲು ಅದರ ಮೇಲೇ ಇದೆಯಾ ಅಂತ ನೋಡುತ್ತಿದ್ದೆ. ಒಮ್ಮೆ ತಪ್ಪಿತ್ತು, ಮಗ ಕಾಲಿಗೆ ತಾಗಿಸಿಕೊಂಡು ಹೋಗಿದ್ದ.

ಮೊದಲ ದಿನದ ಬಲಗಡೆಯ ಎರಡು ತೂತು ಈಗ ಕಪಾಟಿನ ಹಿಂದೆ ಮುಚ್ಚಿಹೋಗಿವೆ.